ಪೂಜೆಗಿಟ್ಟ ಬಂದೂಕು, ಬೆಂಚು ಬಿಡದ ಮಹಾದೇವಿ

ಕೋವಿಡ್ ಗಲಾಟೆ ತಣ್ಣಗಾಗಿ ಕಾರ್ಖಾನೆಗಳೆಲ್ಲ ಮತ್ತೆ ಪಾಳಿಯಲ್ಲಿ ಓಡತೊಡಗಿದ್ದ ವರ್ಷ. ನಾನಾಗ ಪೀಣ್ಯ ಎರಡನೇ ಹಂತದ ಒಂದು ಸಾಧಾರಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ವಿಭಾಗದಲ್ಲಿ ಇದ್ದದ್ದೇ ನಾನು, ಒಬ್ಬ ಸಹಾಯಕಿ, ಎರಡು ಮಂಚ, ಸದಾ ಕೆಟ್ಟು ಕೂರುವ ಒಂದು ಕರೆಂಟಿನ ಮೆಷಿನ್ನು. ಆದರೂ ಕೈಗೆ ಆಗಬಹುದಾದ ಅನಾಹುತಗಳನ್ನೆಲ್ಲ ನೋಡಿ ಮುಗಿಸಿದ್ದೇನೆ ಎಂಬ ಜಂಬ ನನಗಿತ್ತು. ಪವರ್ ಪ್ರೆಸ್ಸಿಗೆ ಸಿಕ್ಕ ಬೆರಳು, ಲೇತಿಗೆ ಸುತ್ತಿಕೊಂಡ ತೋಳು, ಆಸಿಡ್ ಬಿದ್ದ ಅಂಗೈ, ಎಲ್ಲ ಆಗಿತ್ತು. ಗುಂಡು ಹೊಕ್ಕ ತೋಳನ್ನು ಮಾತ್ರ ನೋಡಿರಲಿಲ್ಲ. ಪೀಣ್ಯದಲ್ಲಿ ಯಾರು ಯಾರಿಗೆ ಗುಂಡು ಹೊಡೆಯುತ್ತಾರೆ ಹೇಳಿ.

ನಿಜ ಹೇಳಬೇಕೆಂದರೆ ಆವತ್ತೂ ಯಾರೂ ಹೊಡೆಯಲಿಲ್ಲ. ಚೆಂಡುಹೂವಿನ ದಾರ ಹೊಡೆಯಿತು.

ಆಯುಧಪೂಜೆಯ ದಿನ ನಮ್ಮ ಕಡೆ ಯಂತ್ರಗಳಿಗೆ ಸ್ನಾನ. ಒಂದೊಂದು ಬೀದಿಗೂ ಒಂದು ದೊಡ್ಡ ಶೆಡ್ಡು, ಅಲ್ಲಿಗೆ ಸುತ್ತಮುತ್ತಲಿನವರೆಲ್ಲ ತಮ್ಮ ತಮ್ಮ ಸಾಮಾನು ತಂದಿಡುತ್ತಾರೆ. ಡ್ರಿಲ್ಲು, ಸ್ಪ್ಯಾನರು, ತೂಕದ ಯಂತ್ರ, ಕೊನೆಗೆ ಟೀ ಅಂಗಡಿಯವನ ಸ್ಟೌವಿಗೂ ಅರಿಶಿನ ಕುಂಕುಮ. ನಾನು ಹೇಳುತ್ತಿರುವುದು ನಂಜುಂಡಪ್ಪ ಎಂಬವರ ಮೋಟರ್ ರಿವೈಂಡಿಂಗ್ ಶೆಡ್ಡಿನ ಕಥೆ. ಸುಟ್ಟುಹೋದ ಮೋಟರುಗಳ ಹಳೆಯ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತಿಕೊಡುವುದು ಅಲ್ಲಿಯ ಕೆಲಸ. ಬೀದಿಯ ಮೂಲೆಯಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಒಂದು ಕಚೇರಿ, ಅದಕ್ಕೊಬ್ಬ ಗನ್‌ಮ್ಯಾನ್. ಆತ ಪ್ರತಿ ವರ್ಷವೂ ತನ್ನ ಜೋಡಿ ನಳಿಗೆಯ ಬಂದೂಕನ್ನು ಇಲ್ಲಿಗೇ ತಂದು ಪೂಜೆಗಿಡುತ್ತಿದ್ದ. "ನಿಮ್ದೆಲ್ಲಾ ಸಾಮಾನು ಕಣ್ರೋ, ನಿಜವಾದ ಆಯುಧ ಅಂದ್ರೆ ನಂದೊಂದೇ" ಎಂದು ಆತ ಹೇಳುವುದು, ಉಳಿದವರು ನಗುವುದು, ಅದೂ ಪೂಜೆಯ ಒಂದು ಭಾಗವೇ ಆಗಿಹೋಗಿತ್ತಂತೆ.

ಆ ವರ್ಷ ಪೂಜಾರಿಗೆ ಇನ್ನೂ ಹಲವು ಶೆಡ್ಡುಗಳ ಬುಕಿಂಗು ಇತ್ತು, ಅವಸರ. ಗನ್‌ಮ್ಯಾನ್ ಒಂದು ನಳಿಗೆಯ ತೋಟಾ ತೆಗೆದ, ಇನ್ನೊಂದನ್ನು ಮರೆತ. ಯಾರೋ ಭಕ್ತಿಯಿಂದ ಬಂದೂಕಿನ ಹಿಡಿಯಿಂದ ತುದಿಯ ತನಕ ಚೆಂಡುಹೂವಿನ ಮಾಲೆ ಸುತ್ತಿದರು. ಮಂಗಳಾರತಿ ಮುಗಿಯಿತು, ಕುಂಬಳಕಾಯಿ ಒಡೆಯಿತು. ಕಚೇರಿಯಿಂದ ಕರೆ ಬಂತೆಂದು ಆತ ಹೂವನ್ನೂ ಬಿಚ್ಚದೆ ಬಂದೂಕನ್ನು ಎಳೆದುಕೊಂಡ. ದಾರ ಟ್ರಿಗ್ಗರಿಗೆ ಸುತ್ತಿಕೊಂಡಿತ್ತು. ಶಬ್ದ ಕೇಳಿದವರು ಪಟಾಕಿ ಅಂದುಕೊಂಡರು.

ಕಾವಲುಗಾರರ ತೋಟಾದೊಳಗೆ ದಪ್ಪ ಸೀಸದ ಗೋಲಿಗಳು ಕೆಲವೇ ಕೆಲವು ಇರುತ್ತವೆ. ಹೆಚ್ಚಿನವು ಶೆಡ್ಡಿನ ಕಬ್ಬಿಣದ ಕಂಬಕ್ಕೆ ಬಡಿದವು. ಒಂದು ಮಾತ್ರ ಕಡಲೆಪುರಿಯ ತಟ್ಟೆ ಹಿಡಿದು ನಿಂತಿದ್ದ ಮಹಾದೇವಿಯ ಬಲತೋಳಿನ ಹೊರಮಗ್ಗುಲಿಗೆ ಹೊಕ್ಕು, ಮೂಳೆಗೆ ತಾಕಿ, ಕೆಲವು ಚೂರುಗಳನ್ನು ಒಳಗೇ ಉದುರಿಸಿ, ಹಿಂದಿನಿಂದ ಹೊರಗೆ ಹೋಯಿತು.

ಮಹಾದೇವಿ ಬಾಗಲಕೋಟೆ ಕಡೆಯ ಹೆಂಗಸು, ಮೂವತ್ತರ ಆಸುಪಾಸು. ಗಂಡ ಬಸವರಾಜ ಮಾದನಾಯಕನಹಳ್ಳಿಯ ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸದವನು, ಅಲ್ಲೇ ಒಂದು ಬಾಡಿಗೆ ಕೋಣೆ. ನಂಜುಂಡಪ್ಪನವರ ಶೆಡ್ಡಿಗೆ ಅವಳು ಕಸ ಗುಡಿಸಲು ಬಂದವಳು. ನೋಡಿ ನೋಡಿ ವೈಂಡಿಂಗ್ ಕಲಿತು, ಬೈಸಿಕೊಂಡು, ಹಟ ಹಿಡಿದು ಕೊನೆಗೆ ಮೋಟರ್ ಸುತ್ತುವ ಒಂದು ಬೆಂಚು ಗಿಟ್ಟಿಸಿದ್ದಳು. ಆ ಶೆಡ್ಡಿನಲ್ಲಿ ಬೆಂಚಿಗೆ ಕೂತ ಮೊದಲ ಹೆಂಗಸು ಅವಳೇ. ಆ ಬೆಂಚು ಅವಳ ಪಾಲಿಗೆ ಏನಾಗಿತ್ತು ಎಂಬುದು ತಿಳಿಯದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಮ್ಮ ಆಸ್ಪತ್ರೆಯ ಸರ್ಜನ್ ಚಿಕ್ಕ ವಯಸ್ಸಿನವರು, ಆದರೆ ನಿಧಾನಸ್ಥರು. ಗಾಯ ತೊಳೆದರು, ಸತ್ತ ಮಾಂಸ ತೆಗೆದರು, ಬಿರುಕುಬಿಟ್ಟ ಮೂಳೆಗೆ ಪಟ್ಟಿ ಹಾಕಿದರು. ಒಳಗೆ ಉಳಿದ ಸೀಸದ ಚೂರುಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಜನ ಗುಂಡು ತೆಗೆದರೆ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತಾರೆ. ಚೂರು ಸುಮ್ಮನೆ ಮಾಂಸದಲ್ಲಿ ಕೂತಿದ್ದರೆ ಅದನ್ನು ಕೆದಕಲು ಹೋಗಿ ಆಗುವ ನಷ್ಟವೇ ಹೆಚ್ಚು.

ನಿಜವಾದ ತೊಂದರೆ ಇದ್ದದ್ದು ರೇಡಿಯಲ್ ನರದಲ್ಲಿ. ಇದು ತೋಳಿನ ಮೂಳೆಯನ್ನು ಸುತ್ತಿಕೊಂಡು ಕೆಳಗಿಳಿಯುವ ನರ. ಮಣಿಕಟ್ಟನ್ನು ಮೇಲೆತ್ತುವುದು, ಬೆರಳು ಬಿಚ್ಚುವುದು, ಹೆಬ್ಬೆರಳನ್ನು ಹೊರಗೆ ಚಾಚುವುದು, ಎಲ್ಲ ಇದರ ಪಾಲಿನ ಕೆಲಸ. ಇದು ಸುಮ್ಮನಾದರೆ ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬೀಳುತ್ತದೆ. ವ್ರಿಸ್ಟ್ ಡ್ರಾಪ್ ಎಂದು ಕರೆಯುತ್ತೇವೆ. ಮುಷ್ಟಿ ಕಟ್ಟಲು ಬರುತ್ತದೆ, ಬಿಚ್ಚಲು ಬರುವುದಿಲ್ಲ. ಸ್ಟೇಟರಿನ, ಅಂದರೆ ಮೋಟರಿನ ತಿರುಗದ ಹೊರಸುತ್ತಿನ, ಸಂದುಗಳಿಗೆ ತಂತಿ ಇಳಿಸಿ ಬೆರಳಿನಿಂದ ಒಂದೊಂದೇ ಎಳೆ ಬಿಡಿಸಿ ಕೂರಿಸುವವಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಗುಂಡೇಟಿನಲ್ಲಿ ಒಂದು ವಿಶೇಷವಿದೆ. ಚಾಕು ತಾಕಿದರೆ ನರ ಕತ್ತರಿಸಿಹೋಗುತ್ತದೆ. ಗುಂಡು ಎಷ್ಟೋ ಸಲ ನರವನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋಗುತ್ತದೆ. ಆ ವೇಗದ ಹೊಡೆತಕ್ಕೇ ಒಳಗಿನ ಎಳೆಗಳು ಸಾಯುತ್ತವೆ, ಮೇಲಿನ ಕವಚ ಉಳಿದಿರುತ್ತದೆ. ಕವಚ ಉಳಿದಿದ್ದರೆ ಅದರೊಳಗೆ ಹೊಸ ಎಳೆ ಚಿಗುರಿ ಕೆಳಗಿಳಿಯುತ್ತದೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ. ಆದ್ದರಿಂದ ಅವಸರಪಟ್ಟು ಕೊಯ್ಯಬಾರದು. ಹಾಗೆಂದು ವರ್ಷಗಟ್ಟಲೆ ಕಾಯುತ್ತಾ ಕೂರುವಂತೆಯೂ ಇಲ್ಲ, ನರ ತಲುಪದ ಸ್ನಾಯು ಒಣಗಿಹೋಗುತ್ತದೆ. "ಸಂಕ್ರಾಂತಿ ಕಳೆಯೋವರೆಗೂ ನೋಡೋಣ ಮೇಡಂ. ಆಮೇಲೂ ಏನೂ ಕಾಣದಿದ್ರೆ ತೆಗೆದು ನೋಡ್ತೀನಿ" ಎಂದು ಸರ್ಜನ್ ಅವಳನ್ನು ನನಗೆ ಒಪ್ಪಿಸಿದರು.

ಅಲ್ಲಿಯ ತನಕ ನನ್ನ ಕೆಲಸ ಒಂದೇ. ಕೈಯನ್ನು ಸ್ಪ್ಲಿಂಟ್ ಎಂಬ ಆಸರೆಪಟ್ಟಿಯಲ್ಲಿ ಎತ್ತಿ ಹಿಡಿದಿಡುವುದು, ಪ್ರತಿ ಕೀಲನ್ನೂ ದಿನವೂ ಬಿಚ್ಚಿ ಮಡಿಸಿ ಸಡಿಲವಾಗಿ ಉಳಿಸುವುದು. ನರ ಬಂದು ಮುಟ್ಟುವ ಹೊತ್ತಿಗೆ ಬೆರಳು ಕಟ್ಟಿಗೆಯಂತಾಗಿದ್ದರೆ ಬಂದೂ ಪ್ರಯೋಜನವಿಲ್ಲ. ಇದನ್ನೆಲ್ಲ ವಿವರಿಸಿದಾಗ ಮಹಾದೇವಿ ಕೇಳಿದ್ದು ಒಂದೇ ಪ್ರಶ್ನೆ.

"ಬೆಂಚಿಗೆ ಕುಂಡ್ರಾಕ ಬರ್ತದೇನ್ರಿ ಮೇಡಮ್ಮಾರ?"

"ಬರಬಹುದು. ಬರಲೇಬೇಕು ಅಂತ ನಾವಿಬ್ರೂ ಕೆಲಸ ಮಾಡೋಣ. ಮಾತು ಮಾತ್ರ ಕೊಡಲ್ಲ" ಎಂದೆ. ಸುಳ್ಳು ಭರವಸೆ ಕೊಡುವುದು ನನ್ನ ಜಾಯಮಾನವಲ್ಲ.

ವಾರಕ್ಕೊಮ್ಮೆ ನಂಜುಂಡಪ್ಪ ಹಣ್ಣಿನ ಚೀಲ ಹಿಡಿದುಕೊಂಡು ಬರುತ್ತಿದ್ದರು. ಈ ಊರು ಕಬ್ಬಿಣ ನೋಡುವ ಮೊದಲು ರಾಗಿ ಬೆಳೆಯುತ್ತಿದ್ದ ಮನೆತನದವರು. ಕೆಟ್ಟವರಲ್ಲ. ತಮ್ಮ ಶೆಡ್ಡಿನಲ್ಲಿ, ತಮ್ಮ ಪೂಜೆಯಲ್ಲಿ ಹೀಗಾಯಿತಲ್ಲ ಎಂಬ ಕೊರಗು ಅವರನ್ನು ತಿನ್ನುತ್ತಿತ್ತು. ಜೋತುಬಿದ್ದ ಆ ಕೈ ಕಂಡರೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಅವ್ಳಿಗೆ ಗೇಟತ್ರ ಒಂದು ಕುರ್ಚಿ ಹಾಕ್ಸಿಕೊಡ್ತೀನಿ. ಬರೋ ಹೋಗೋ ಗಾಡಿ ನೋಡ್ಕೊಂಡು ಕೂತಿರ್ಲಿ. ಇರೋಗಂಟ ಕೆಲ್ಸ ಅವ್ಳದೇ. ನೀವೊಂದ್ ಮಾತು ಹೇಳಿದ್ರೆ ಒಪ್ತಾಳೆ."

ನನಗೆ ಮೈಯೆಲ್ಲ ಉರಿಯಿತು. "ಅವಳ ಕೈ ಇನ್ನೂ ಸತ್ತಿಲ್ಲ ಕಣ್ರೀ ನಂಜುಂಡಪ್ಪನೋರೆ. ನೀವಾಗಲೇ ತಿಥಿ ಊಟಕ್ಕೆ ಎಲೆ ಹಾಕ್ತಾ ಇದ್ದೀರಲ್ಲ."

ಅವರು ಪೆಚ್ಚಾದರು. ಆದರೂ ಒಳಗೆ ಬಂದು ಮಹಾದೇವಿಯ ಮುಂದೆ ಅದೇ ಮಾತನ್ನು ಎತ್ತಿದರು. ಅವಳು ಸ್ಪ್ಲಿಂಟಿನ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು.

"ಗೇಟಿನ್ಯಾಗ ಕುಂಡ್ರಾಕ ನಾ ಏನ್ ಬೆದರುಗೊಂಬಿ ಏನ್ರಿ? ನನ್ನ ಬೆಂಚ್ ನನಗ ಇರಲಿ. ಕುರ್ಚಿ ಬ್ಯಾಡ್ರಿ."

ನಂಜುಂಡಪ್ಪ ಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟರು. "ಆಯ್ತಮ್ಮ. ಯುಗಾದಿ ತನ್ಕ ಬೆಂಚ್ ಅಂಗೇ ಇರ್ತದೆ, ಯಾರ್ನೂ ಕೂರ್ಸಲ್ಲ. ಆಮೇಕೆ ಬೇಸ್ಗೆ, ಸುಟ್ಟೋಗಿರೋ ಪಂಪ್‌ಸೆಟ್ ಸಾಲಾಗಿ ಬಂದ್ ಬೀಳ್ತವೆ. ಖಾಲಿ ಮಡಗೋಕೆ ನನ್ ಕೈಲಾಗಲ್ಲ."

ಅದು ನ್ಯಾಯವಾದ ಮಾತೇ. ಯುಗಾದಿ ಎಂದರೆ ಗುಂಡು ತಗಲಿದ ದಿನದಿಂದ ಐದೂವರೆ ತಿಂಗಳು. ಮಿಲಿಮೀಟರಿನ ಲೆಕ್ಕ ಹಾಕಿದರೆ ನರ ಅಷ್ಟರಲ್ಲಿ ಮಣಿಕಟ್ಟಿನ ಸ್ನಾಯು ಮುಟ್ಟಿದರೆ ಹೆಚ್ಚು. ಬೆರಳಿನ ಸ್ನಾಯುಗಳು ಇನ್ನೂ ಕೆಳಗಿವೆ. ನಾನು ಆ ಲೆಕ್ಕವನ್ನು ಅವಳಿಗೂ ಹೇಳಿದೆ. "ನೋಡೂಣು" ಎಂದಳು.

ಎರಡು ತಿಂಗಳು ಚೆನ್ನಾಗಿ ಬಂದಳು. ಆಮೇಲೆ ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು, ಕೊನೆಗೆ ನಿಂತೇಹೋಯಿತು. ಫೋನು ಎತ್ತಲಿಲ್ಲ. ಸಂಕ್ರಾಂತಿಗೆ ಒಂದು ವಾರವಿರುವಾಗ ನಾನೇ ಸ್ಕೂಟರ್ ತೆಗೆದುಕೊಂಡು ಮಾದನಾಯಕನಹಳ್ಳಿಗೆ ಹೊರಟೆ. ನಮ್ಮ ವೃತ್ತಿಯಲ್ಲಿ ಹೀಗೆ ಮನೆಗೆ ನುಗ್ಗುವುದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಬಹುದು. ಕೇಳಲಿ.

ಸಾಲು ಕೋಣೆಗಳ ಮುಂದಿನ ಕಟ್ಟೆಯ ಮೇಲೆ ಮಹಾದೇವಿ ಕೂತಿದ್ದಳು. ಸ್ಪ್ಲಿಂಟ್ ಇರಲಿಲ್ಲ. ಬಲಗೈ ಸೆರಗಿನೊಳಗೆ ಅಡಗಿತ್ತು. ಬಸವರಾಜ ಆವತ್ತು ರಜೆಯಲ್ಲಿದ್ದ, ನನ್ನನ್ನು ಕಂಡು ಸ್ಟೂಲು ತಂದ. "ನಾನಽ ಹೇಳೇನ್ರಿ ಮೇಡಮ್ಮಾರ, ಕುರ್ಚಿ ಕೆಲಸ ಒಪ್ಕೊ ಅಂತ. ದಿನಾ ಅಕಿ ಅಳೂದು ನೋಡಾಕ ಆಗವಲ್ದು" ಎಂದ. ಅವನ ದನಿಯಲ್ಲಿ ಸೋಲು ಬಿಟ್ಟರೆ ಬೇರೆ ಏನೂ ಇರಲಿಲ್ಲ. ನಾನು ಸೆರಗು ಸರಿಸಿ ಅವಳ ಕೈಯನ್ನು ಹೊರಗೆ ತೆಗೆದೆ. ಬೆರಳುಗಳ ಬುಡ ಬಿಗಿಯತೊಡಗಿತ್ತು.

"ಕೈ ಏನು ಕದ್ದ ಮಾಲಾ, ಸೆರಗಲ್ಲಿ ಮುಚ್ಚಿಡೋಕೆ?"

ಅವಳೂ ಸುಮ್ಮನಿರಲಿಲ್ಲ. "ಮತ್ತೇನ್ ಮಾಡ್ಲಿರಿ? ಬಸ್ಸಿನ್ಯಾಗ ಕೈ ನೋಡಿ ಸೀಟ್ ಬಿಟ್ಟು ಏಳ್ತಾರ. ಅಯ್ಯೋ ಪಾಪ ಅಂತಾರ. ಮೂರು ತಿಂಗ್ಳಾತು, ಒಂದ್ ಬೆರಳು ಅಳ್ಳಾಡಿಲ್ಲ. ನೀವು ಬರ್ತದ ಬರ್ತದ ಅಂತೀರಿ. ಎಲ್ಲಿ ಬಂತ್ರಿ?" ಎಂದು ಅಳತೊಡಗಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಜೊತೆಗೆ ಕೂತು ಅಳಲೆಂದು ನಾನು ಅಷ್ಟು ದೂರ ಹೋದದ್ದಲ್ಲ.

"ಅತ್ಕೊಂಡೇ ಕೈ ಚಾಚು" ಎಂದೆ.

ಬೆಳೆಯುತ್ತಿರುವ ನರದ ತುದಿ ಬಹಳ ಸೂಕ್ಷ್ಮ. ಅದರ ಮೇಲೆ ಬೆರಳಿನಿಂದ ತಟ್ಟಿದರೆ ಜುಂ ಎನ್ನುತ್ತದೆ. ಟಿನೆಲ್ ಸೈನ್ ಎಂದು ಇದರ ಹೆಸರು. ನರ ಎಲ್ಲಿಯ ತನಕ ಬಂದಿದೆ ಎಂದು ತಿಳಿಯಲು ಮೆಷಿನ್ನು ಇಲ್ಲದ ಕಡೆಯೂ ನಡೆಯುವ ಪರೀಕ್ಷೆ. ಮಣಿಕಟ್ಟಿನಿಂದ ತಟ್ಟುತ್ತಾ ಮೇಲೆ ಹೋದೆ. ಮೊಳಕೈ ದಾಟುವ ತನಕ ಏನೂ ಇಲ್ಲ. ಅದರ ಸ್ವಲ್ಪ ಮೇಲೆ ತಟ್ಟಿದಾಗ ಅವಳು ಕೈ ಕಿತ್ತುಕೊಂಡಳು.

"ಕರೆಂಟ್ ಹೊಡದಂಗಾತ್ರಿ. ಹೆಬ್ಬಟ್ಟಿನ ತನಾ ಹೋತು."

ಅವಳು ಬರುವುದನ್ನು ನಿಲ್ಲಿಸುವ ಮೊದಲು ಈ ಜಾಗ ಗಾಯದ ಪಕ್ಕದಲ್ಲೇ ಇತ್ತು. ಈಗ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಅದನ್ನು ಅವಳಿಗೆ ತೋರಿಸಿದೆ. ಎಡಗೈಯಿಂದ ತಾನೇ ತಟ್ಟಿ ನೋಡಿಕೊಂಡಳು, ಇನ್ನೊಮ್ಮೆ ತಟ್ಟಿದಳು. ಮೂಗು ಒರೆಸಿಕೊಂಡು, "ಅಂದ್ರ ಲೈನ್ ಕಟ್ ಆಗಿಲ್ಲ" ಎಂದಳು. ಆ ಮೇಲೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟವರಿಗೆ "ನೀವಽ ಕುಂಡ್ರಿ, ನನಗ ಕಾಲು ಗಟ್ಟಿ ಅದಾವ" ಎನ್ನುತ್ತಿದ್ದಳಂತೆ.

ಸಂಕ್ರಾಂತಿ ಕಳೆದು ಸರ್ಜನ್ ನೋಡಿದರು. ಸ್ನಾಯುವಿನ ವಿದ್ಯುತ್ ಪರೀಕ್ಷೆ ಮಾಡಿಸಿದಾಗ ಮೊಳಕೈ ಬಳಿಯ ಸ್ನಾಯುವಿನಲ್ಲಿ ಸಣ್ಣ ಸಣ್ಣ ಸೂಚನೆಗಳು ಕಂಡವು. ಕೊಯ್ಯುವುದು ಬೇಡ ಎಂದು ತೀರ್ಮಾನವಾಯಿತು. ಶಿವರಾತ್ರಿ ಹತ್ತಿರ ಬಂದಾಗ, ಹೆಬ್ಬೆರಳು ಮೇಲೆ ಮಾಡಿ ಮೊಳಕೈ ಮಡಿಸು ಎಂದಾಗ, ಮುಂದೋಳಿನ ಮೇಲ್ಭಾಗದಲ್ಲಿ ಒಂದು ಸಣ್ಣ ಉಬ್ಬು ಎದ್ದಿತು, ಸ್ನಾಯು ಎಚ್ಚೆತ್ತಿತ್ತು. ನನ್ನ ಸಹಾಯಕಿ ಖುಷಿಗೆ ಹೊರಗೆ ಓಡಿಹೋಗಿ ಎಲ್ಲರಿಗೂ ಟೀ ಹೇಳಿ ಬಂದಳು. ಯುಗಾದಿಯ ವಾರದಲ್ಲಿ ಮಣಿಕಟ್ಟು ಎದ್ದಿತು. ಮುಷ್ಟಿ ಕಟ್ಟಿದರೆ ಮಣಿಕಟ್ಟು ತಾನಾಗಿ ಸ್ವಲ್ಪ ಎದ್ದಂತೆ ಕಾಣುತ್ತದೆ, ಅದು ಮೋಸದ ಚಲನೆ. ನಾನು ಬೆರಳು ಸಡಿಲ ಬಿಡಿಸಿ ಎತ್ತಿಸಿದೆ. ನಿಜವಾಗಿಯೇ ಎದ್ದಿತು, ನಡುಗುತ್ತಾ.

ಆದರೆ ಬೆರಳು ಬಿಚ್ಚುತ್ತಿರಲಿಲ್ಲ. ಯುಗಾದಿಗೆ ಉಳಿದದ್ದು ನಾಲ್ಕೇ ದಿನ.

ನಂಜುಂಡಪ್ಪ ಫೋನ್ ಮಾಡಿದರು. ಮಾಗಡಿ ರಸ್ತೆಯ ಕಡೆಯ ಒಬ್ಬ ವೈಂಡರ್ ಹಬ್ಬ ಮುಗಿಸಿ ಬರುತ್ತಾನೆ, ಬೆಂಚು ಅವನಿಗೆ ಕೊಡುತ್ತೇನೆ, ಮಹಾದೇವಿಗೆ ಗೇಟಿನ ಕೆಲಸ ಇದ್ದೇ ಇದೆ ಎಂದರು. "ಮಾತಂದ್ರೆ ಮಾತು ಅಲ್ವಾ ಮೇಡಂ" ಎಂದು ಸೇರಿಸಿದರು. ನಾನು ಮಹಾದೇವಿಗೆ ಅದನ್ನು ಹಾಗೇ ತಿಳಿಸಿದೆ. ಅವಳು ಎಡಗೈಯಿಂದ ಬಲಗೈಯ ಬೆರಳುಗಳನ್ನು ಬಿಡಿಸಿ ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಬೆರಳು ಬರೋ ತನಕ ಕಾಯೋದು ಬೇಡ. ಬೆರಳು ಎತ್ತೋ ಕೆಲಸ ಬೇರೆ ಯಾವುದರಿಂದಾದರೂ ಮಾಡಿಸೋಣ" ಎಂದೆ.

ಡೈನಮಿಕ್ ಸ್ಪ್ಲಿಂಟ್ ಎಂಬುದೊಂದಿದೆ. ಮುಂದೋಳಿಗೆ ಒಂದು ಪಟ್ಟಿ, ಅದರಿಂದ ಕೈಯ ಮೇಲೆ ಚಾಚಿಕೊಂಡ ತಂತಿಗಳು, ತುದಿಯಿಂದ ರಬ್ಬರ್ ಬ್ಯಾಂಡು, ಬ್ಯಾಂಡಿಗೆ ಬೆರಳು ತೂರಿಸುವ ಚರ್ಮದ ಉಂಗುರ. ಬೆರಳು ಮಡಿಸುವುದು ರೋಗಿಯ ಕೆಲಸ, ಬಿಚ್ಚುವುದು ರಬ್ಬರಿನ ಕೆಲಸ. ತಯಾರಾಗಿ ಸಿಗುವಂಥವು ಅವಳ ಕೈಗೆ ಕೂರುತ್ತಿರಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಅವಳ ತೋಳಿಗೇ ಒತ್ತಿ ಅಚ್ಚು ತೆಗೆದೆ. ತಂತಿಗೆ ಸೈಕಲ್ ಕಡ್ಡಿ. ಬಸವರಾಜ ಎಲ್ಲಿಂದಲೋ ಒಂದು ಗುಜರಿ ಸ್ಟೇಟರನ್ನು ಬೈಕಿನಲ್ಲಿ ಕಟ್ಟಿಕೊಂಡು ಬಂದ. ನನ್ನ ವಿಭಾಗದ ಮಂಚದ ಮೇಲೆ ಅದನ್ನಿಟ್ಟು, ಅವಳು ತಂತಿ ತೂರಿಸುವುದು, ನಾನು ಕಡ್ಡಿ ಬಗ್ಗಿಸುವುದು, ಮತ್ತೆ ತೂರಿಸುವುದು. ಮಂಚದ ಹೊದಿಕೆಗೆ ಗ್ರೀಸು ಹತ್ತಿತೆಂದು ಆಡಳಿತದವರು ನನಗೆ ಉಪದೇಶ ಮಾಡಿದರು. ತೊಳೆಸಿಕೊಳ್ಳಿ ಎಂದೆ.

ಯುಗಾದಿಯ ಮರುದಿನದ ಹೊಸತೊಡಕು ಕಳೆದ ಬೆಳಿಗ್ಗೆ ನಾನೂ ಅವಳ ಜೊತೆ ಶೆಡ್ಡಿಗೆ ಹೋದೆ. ಹೊಸ ವೈಂಡರ್ ಇನ್ನೂ ಬಂದಿರಲಿಲ್ಲ. ನಂಜುಂಡಪ್ಪ ಅವಳ ಕೈ ನೋಡಿ ಬೆರಗಾದರು. "ಏನ್ ಮೇಡಂ ಇದು, ಕೈಗೆ ಆಂಟೆನಾ ಕಟ್ಕೊಂಡ್ ಬಂದವ್ಳೆ?" ಕೆಲಸಗಾರರು ನಕ್ಕರು. ಮಹಾದೇವಿ ನಗಲಿಲ್ಲ. ನೇರ ಹೋಗಿ ತನ್ನ ಬೆಂಚಿನ ಮೇಲಿನ ಧೂಳು ಒರೆಸಿ ಕೂತಳು. ಪಕ್ಕದಲ್ಲಿ ಬಿದ್ದಿದ್ದ ಒಂದು ಸುಟ್ಟ ಪಂಪಿನ ಮೋಟರನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದನ್ನ ನಾ ಸುತ್ತಿಕೊಡ್ತೀನ್ರಿ. ಸರಿ ಬರಲಿಲ್ಲಂದ್ರ ನಾನಽ ಎದ್ದು ಹೋಗ್ತೀನಿ. ಗೇಟಿಗಲ್ಲ, ಮನಿಗೆ."

ನನಗೆ ಆಸ್ಪತ್ರೆಯಲ್ಲಿ ಬೇರೆ ರೋಗಿಗಳಿದ್ದರು. ಬಿಟ್ಟು ಹೋಗಬೇಕಾಯಿತು. ಇಡೀ ದಿನ ನನ್ನ ಮನಸ್ಸು ಅಲ್ಲೇ ಇತ್ತು ಎಂದು ಹೇಳಲು ನಾಚಿಕೆಯಿಲ್ಲ. ಸಂಜೆ ಡ್ಯೂಟಿ ಮುಗಿಸಿ ಹೋಗುವಾಗ ಅವಳು ಕೊನೆಯ ಕಾಯಿಲುಗಳಿಗೆ, ಅಂದರೆ ತಂತಿಯ ಸುರುಳಿಗಳಿಗೆ, ದಾರ ಕಟ್ಟುತ್ತಿದ್ದಳು. ಬೆಳಗಿನ ಮೊದಲ ಕಾಯಿಲಿನ ತಂತಿ ಗೀರಿಹೋಗಿತ್ತಂತೆ, ಯಾರೂ ಹೇಳುವ ಮೊದಲೇ ಅದನ್ನು ಕಿತ್ತು ಬಿಸಾಡಿ ಮತ್ತೆ ಸುತ್ತಿದಳಂತೆ. ಪಕ್ಕದ ಬೆಂಚಿನವರು ಅಷ್ಟರಲ್ಲಿ ಎರಡು ಮೋಟರ್ ಮುಗಿಸಿದ್ದರು. ಅವಳ ಮುಂಗೈ ಬೆವರಿನಲ್ಲಿ ತೋಯ್ದಿತ್ತು, ಹರಿದ ಒಂದು ರಬ್ಬರ್ ಬ್ಯಾಂಡಿಗೆ ಗಂಟು ಹಾಕಿತ್ತು.

ನಂಜುಂಡಪ್ಪ ತಾವೇ ಮೀಟರ್ ಹಿಡಿದು ಇನ್ಸುಲೇಶನ್, ಅಂದರೆ ತಂತಿಯ ಹೊದಿಕೆ, ಸರಿಯಿದೆಯೇ ನೋಡಿದರು. ಮತ್ತೊಮ್ಮೆ ನೋಡಿದರು. ಏನೂ ತಪ್ಪಿರಲಿಲ್ಲ. ವಾರ್ನಿಶ್ ಹಾಕಿ ಒಣಗಿಸಿ ಓಡಿಸಿ ನೋಡುವುದು ಮರುದಿನದ ಮಾತು.

"ನಿಧಾನ ಆಯ್ತಲ್ಲಮ್ಮ" ಎಂದರು.

"ನಿಧಾನ ಆತ್ರಿ. ನಾಳೆ ಓಡಿಸಿ ನೋಡ್ರಿ. ಸುಟ್ರ ಕೇಳ್ರಿ."

ಮರುದಿನ ಮೋಟರ್ ಓಡಿತು, ಸುಡಲಿಲ್ಲ. ಹೊಸ ವೈಂಡರ್ ಬಂದಾಗ ನಂಜುಂಡಪ್ಪ ಅವನಿಗೆ ಗೋಡೆಯ ಕಡೆ ಇನ್ನೊಂದು ಬೆಂಚು ಹಾಕಿಸಿದರು. ಜಾಗ ಇಕ್ಕಟ್ಟಾಯಿತು ಎಂದು ಈಗಲೂ ಗೊಣಗುತ್ತಾರೆ.

ಕೆಲಸಕ್ಕೆ ಹೋದದ್ದರಿಂದ ಅವಳ ನರ ಬೇಗ ಬೆಳೆಯಿತು ಎಂದು ಯಾರೂ ತಿಳಿಯಬೇಡಿ. ಅದು ತನ್ನ ಪಾಡಿಗೆ ತನ್ನ ವೇಗದಲ್ಲೇ ಬಂತು. ಬೆರಳುಗಳು ಆಷಾಢದಲ್ಲಿ ಬಿಚ್ಚತೊಡಗಿದವು, ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ. ಹೆಬ್ಬೆರಳ ಹಿಂದಿನ ಚರ್ಮದಲ್ಲಿ ಸ್ಪರ್ಶ ಇವತ್ತಿಗೂ ಮಂದ. ಸೀಸದ ಚೂರುಗಳು ತೋಳಿನಲ್ಲೇ ಇವೆ. ತೀರ ಸಣ್ಣ ತಂತಿಯ ಕೆಲಸದಲ್ಲಿ ಅವಳು ಈಗಲೂ ಇತರರಿಗಿಂತ ನಿಧಾನ, ಅದನ್ನು ಅವಳೇ ಹೇಳುತ್ತಾಳೆ. ಆದರೆ ಬೆರಳು ಬರುವ ಹೊತ್ತಿಗೆ ಕೀಲುಗಳು ಸಡಿಲವಾಗಿದ್ದವು, ಕೈಗೆ ಕೆಲಸ ಮರೆತಿರಲಿಲ್ಲ, ಬೆಂಚು ಅವಳದಾಗಿಯೇ ಇತ್ತು. ಗೇಟಿನ ಕುರ್ಚಿಗೆ ಹೋಗಿದ್ದರೆ ಬೆರಳು ಬಂದಿರುತ್ತಿತ್ತು, ಬಂದ ಬೆರಳಿಗೆ ಮಾಡಲು ಏನೂ ಇರುತ್ತಿರಲಿಲ್ಲ.

ನರವನ್ನು ಬೆಳೆಸುವ ಶಕ್ತಿ ನನ್ನಲ್ಲಿಲ್ಲ, ಸರ್ಜನ್ ಬಳಿಯೂ ಇಲ್ಲ. ಅದು ಬಂದು ತಲುಪುವ ತನಕ ಮನುಷ್ಯನ ಜಾಗವನ್ನು ಕನಿಕರದ ಹೆಸರಿನಲ್ಲಿ ಯಾರೂ ಕಿತ್ತುಕೊಳ್ಳದಂತೆ ಅಡ್ಡ ನಿಲ್ಲುವುದೂ ಚಿಕಿತ್ಸೆಯೇ ಎಂದು ಈ ಕೆಲಸ ನನಗೆ ಕಲಿಸಿತು. ಈಗಲೂ ಕೈ ಸೋತವರು ನನ್ನಲ್ಲಿಗೆ ಬಂದರೆ, ಜೊತೆಗೆ ಬಂದವರು ಮೊದಲು ಕೇಳುವುದು "ಇನ್ಮೇಲೆ ಇವ್ರಿಗೆ ಯಾವ ಹಗುರ ಕೆಲ್ಸ ಕೊಡ್ಬೋದು ಮೇಡಂ" ಎಂದು. ನಾನು ಅವರಿಗೆ ಉತ್ತರ ಕೊಡುವುದಿಲ್ಲ. ರೋಗಿಯ ಕಡೆ ತಿರುಗಿ, "ನೀನು ಮಾಡ್ತಿದ್ದ ಕೆಲಸ ಯಾವುದು, ಮಾಡಿ ತೋರಿಸು" ಎನ್ನುತ್ತೇನೆ. ಸೋತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು ಅವರು ಗಾಳಿಯಲ್ಲೇ ಮಾಡಿ ತೋರಿಸುತ್ತಾರೆ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.